ವಾರ್ಡ್ ಸದಸ್ಯರ ಕೆಲಸ: ಫೋನ್ ಕರೆಯಿಂದ ನಡಾವಳಿ ಪುಸ್ತಕದವರೆಗೆ

ಜೂನ್ ತಿಂಗಳಲ್ಲಿ ಬಿ.ಸಿ.ರೋಡಿನ ಸುತ್ತಮುತ್ತ ಒಂದು ಗಂಟೆ ಬಿಡದೆ ಮಳೆ ಹೊಡೆದರೆ ಬಂಟ್ವಾಳ ಪುರಸಭೆಯ ಸದಸ್ಯರಿಗೆ ಫೋನ್ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಹೆದ್ದಾರಿ ಬದಿಯ ಚರಂಡಿ ಉಕ್ಕಿ ಅಂಗಡಿಗೆ ನೀರು ನುಗ್ಗಿದೆ ಎಂದು ಒಬ್ಬರು. ಮೇಲಿನವರು ಗುಡ್ಡೆ ಅಗೆದ ಮಣ್ಣು ನಮ್ಮ ಅಂಗಳಕ್ಕೆ ಬಂದಿದೆ ಎಂದು ಇನ್ನೊಬ್ಬರು. ಕಂಬದ ದೀಪ ಉರಿಯುತ್ತಿಲ್ಲ, ನಳ್ಳಿಯಲ್ಲಿ ಕೆಂಪು ನೀರು, ಕಸದ ಗಾಡಿ ಮೂರು ದಿನದಿಂದ ಬಂದಿಲ್ಲ. ಎಲ್ಲ ಕರೆಗಳ ಕೊನೆಗೂ ಒಂದೇ ಪ್ರಶ್ನೆ: ‘ನೀವು ಇದ್ದು ಏನು ಮಾಡ್ತೀರಿ?’

ಹೊಸದಾಗಿ ಗೆದ್ದ ಸದಸ್ಯರು ಮೊದಲ ವರ್ಷ ಈ ಪ್ರಶ್ನೆಗೆ ಓಡಾಟದಿಂದಲೇ ಉತ್ತರ ಕೊಡಲು ನೋಡುತ್ತಾರೆ. ಇಂಜಿನಿಯರಿಗೆ ಫೋನ್, ಆರೋಗ್ಯ ನಿರೀಕ್ಷಕರಿಗೆ ಫೋನ್, ವಾಲ್ವ್‌ಮ್ಯಾನ್‌ಗೆ ಫೋನ್. ಆ ದಿನದ ಮಟ್ಟಿಗೆ ಕೆಲಸ ಆಗುತ್ತದೆ. ಮರುವರ್ಷ ಅದೇ ಮಳೆ, ಅದೇ ಚರಂಡಿ, ಅದೇ ಕರೆ. ಫೋನಿನಲ್ಲಿ ಹೇಳಿದ್ದಕ್ಕೆ ಕಚೇರಿಯಲ್ಲಿ ದಾಖಲೆ ಇರುವುದಿಲ್ಲ. ದಾಖಲೆ ಇಲ್ಲದ್ದಕ್ಕೆ ಅಂದಾಜು ಪಟ್ಟಿ ತಯಾರಾಗುವುದಿಲ್ಲ, ಅಂದಾಜು ಪಟ್ಟಿ ಇಲ್ಲದ್ದಕ್ಕೆ ಹಣ ಬರುವುದಿಲ್ಲ. ವೇಗವಾಗಿ ಬೆಳೆಯುತ್ತಿರುವ ಪೇಟೆಯಲ್ಲಿ ಸದಸ್ಯರ ನಿಜವಾದ ಬಲ ಇರುವುದು ಎರಡು ಕಡೆ: ಸಾಮಾನ್ಯ ಸಭೆಯ ನಡಾವಳಿ ಪುಸ್ತಕದಲ್ಲಿ ಮತ್ತು ವರ್ಷದ ಕ್ರಿಯಾಯೋಜನೆಯಲ್ಲಿ. ಈ ಲೇಖನ ಆ ದಾರಿಯನ್ನು ಹೊಸ ಸದಸ್ಯರಿಗೂ, ಅವರನ್ನು ಕೇಳಬೇಕಾದ ಮತದಾರರಿಗೂ ವಿವರಿಸುತ್ತದೆ.

ಪೇಟೆ ಬೆಳೆದಿದೆ, ಲೆಕ್ಕ ಬೆಳೆದಿಲ್ಲ

2011ರ ಜನಗಣತಿಯಂತೆ ಬಂಟ್ವಾಳ ಪುರಸಭೆಯ ಜನಸಂಖ್ಯೆ 40,155, ಮೂಡುಬಿದಿರೆಯದು 29,431. ಬಂಟ್ವಾಳದಲ್ಲಿ 27 ವಾರ್ಡ್, ಮೂಡುಬಿದಿರೆಯಲ್ಲಿ 23, ಬೆಳ್ತಂಗಡಿ ಪಟ್ಟಣ ಪಂಚಾಯತ್‌ನಲ್ಲಿ 11. ಆ ಲೆಕ್ಕದಲ್ಲಿ ಬಂಟ್ವಾಳದ ಒಬ್ಬ ಸದಸ್ಯರಿಗೆ ಸರಾಸರಿ 1,500 ಜನ, ಮೂಡುಬಿದಿರೆಯಲ್ಲಿ 1,300 ಜನ. ಆಮೇಲೆ ಮೆಲ್ಕಾರ್, ಕೈಕಂಬ, ಬಿ.ಸಿ.ರೋಡ್ ಉದ್ದಕ್ಕೂ ಫ್ಲ್ಯಾಟ್‌ಗಳು ಎದ್ದವು. ಮೂಡುಬಿದಿರೆ ವಿದ್ಯಾಕೇಂದ್ರವಾಗಿ ಬೆಳೆದು ಹಾಸ್ಟೆಲ್, ಪಿಜಿ, ಬಾಡಿಗೆ ಮನೆಗಳಿಂದ ತುಂಬಿತು. ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಅದರ ಅಂಕಿಅಂಶ ಬರುವವರೆಗೆ ಕಡತದಲ್ಲಿರುವುದು ಹಳೆಯ ಸಂಖ್ಯೆಯೇ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಆಧಾರ ಮಾಡಿಕೊಂಡದ್ದೂ 2011ರ ಜನಸಂಖ್ಯೆಯನ್ನೇ.

ಇದರ ಪರಿಣಾಮ ನೆಲದ ಮೇಲೆ ಕಾಣುತ್ತದೆ. ರಾಜ್ಯದಲ್ಲಿ ಪೌರಕಾರ್ಮಿಕರ ನೇಮಕಕ್ಕೆ ಅನುಸರಿಸುವ ಪ್ರಮಾಣ 700 ಜನರಿಗೆ ಒಬ್ಬರು. ಹಳೆಯ ಜನಸಂಖ್ಯೆ ಹಿಡಿದರೆ ಬಂಟ್ವಾಳಕ್ಕೆ 57 ಮಂದಿ, ಮೂಡುಬಿದಿರೆಗೆ 42 ಮಂದಿ. ಅಷ್ಟೂ ಹುದ್ದೆ ಭರ್ತಿಯಾಗಿದ್ದರೂ ಅವರು ಗುಡಿಸಬೇಕಾದದ್ದು ಇಂದಿನ ಪೇಟೆಯನ್ನು. ಹಾಗಾಗಿ ‘ಕಸದವರು ಬರಲಿಲ್ಲ’ ಎಂಬ ದೂರು ಬಂದಾಗ ಪೌರಕಾರ್ಮಿಕರನ್ನು ಗದರುವ ಮೊದಲು ಮಂಜೂರಾದ ಹುದ್ದೆ ಎಷ್ಟು, ಕೆಲಸದಲ್ಲಿರುವವರು ಎಷ್ಟು ಎಂದು ಸದಸ್ಯರು ಕಚೇರಿಯಲ್ಲಿ ಕೇಳಬೇಕು. ಬೆಳಗಿನ ಜಾವ ಬೀದಿಗಿಳಿಯುವವರ ಮೇಲೆ ಕೂಗಾಡುವುದು ಸುಲಭ. ಖಾಲಿ ಹುದ್ದೆಯ ವಿಚಾರವನ್ನು ಸಭೆಯಲ್ಲಿ ಎತ್ತುವುದು ಸದಸ್ಯರ ಕರ್ತವ್ಯ.

ಬೆಳ್ತಂಗಡಿಯ ಕಷ್ಟ ಬೇರೆ ತರಹದ್ದು. ಪಟ್ಟಣ ಪಂಚಾಯತ್ ವ್ಯಾಪ್ತಿ ಚಿಕ್ಕದು, ಬೆಳವಣಿಗೆ ಮಾತ್ರ ಗಡಿಯಾಚೆ ಲಾಯಿಲ, ಉಜಿರೆ ಕಡೆ ಹಬ್ಬಿದೆ. ಅವು ಗ್ರಾಮ ಪಂಚಾಯತ್‌ಗಳು. ಅವುಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ, ಪಟ್ಟಣಕ್ಕೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ರಸ್ತೆ ಒಂದೇ, ನೀರು ಹರಿಯುವ ತೋಡೂ ಒಂದೇ, ಕಾನೂನು ಎರಡು. ಗಡಿ ವಾರ್ಡಿನ ಸದಸ್ಯರು ಪಕ್ಕದ ಪಂಚಾಯತ್ ಸದಸ್ಯರ ಜೊತೆ ಕೂತು ಮಾತಾಡದೆ ಇಂಥ ತೋಡಿನ ಹೂಳು ತೆಗೆಸಲಾಗದು.

ಕಚೇರಿ ಹೇಗೆ ನಡೆಯುತ್ತದೆ

ಪುರಸಭೆಯಲ್ಲಿ ನಿರ್ಧರಿಸುವುದು ಕೌನ್ಸಿಲ್, ಜಾರಿ ಮಾಡುವುದು ಮುಖ್ಯಾಧಿಕಾರಿ. ಒಬ್ಬ ಸದಸ್ಯ ಯಾವ ನೌಕರನಿಗೂ ನೇರ ಆದೇಶ ಕೊಡುವಂತಿಲ್ಲ. ಆದರೆ ಸಭೆಯಲ್ಲಿ ಪ್ರಸ್ತಾವ ಇಡಬಹುದು, ಪ್ರಶ್ನೆ ಕೇಳಬಹುದು, ಖರ್ಚಿನ ವಿವರ ಪಡೆಯಬಹುದು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ 12ನೇ ಅನುಸೂಚಿಯಲ್ಲಿ ನಗರಾಡಳಿತದ 18 ವಿಷಯಗಳನ್ನು ಪಟ್ಟಿ ಮಾಡಲಾಯಿತು. ಕುಡಿಯುವ ನೀರು, ನೈರ್ಮಲ್ಯ, ರಸ್ತೆ, ಬೀದಿದೀಪ, ಸ್ಮಶಾನ ಎಲ್ಲ ಅದರಲ್ಲಿವೆ.

ಶಾಸಕರೂ ಸಂಸದರೂ ಕೌನ್ಸಿಲ್‌ನಲ್ಲಿ ಮತ ಹಾಕಬಹುದು, ನಾಮನಿರ್ದೇಶಿತರಿಗೆ ಆ ಹಕ್ಕಿಲ್ಲ. ಇದು ಸಣ್ಣ ಸಂಗತಿಯಲ್ಲ. ಬಂಟ್ವಾಳದಲ್ಲಿ 2018ರಲ್ಲಿ ಕಾಂಗ್ರೆಸ್ 12, ಬಿಜೆಪಿ 11, ಎಸ್‌ಡಿಪಿಐ 4 ಸ್ಥಾನ ಗೆದ್ದವು. ಮೂಡುಬಿದಿರೆಯಲ್ಲಿ 2019ರಲ್ಲಿ ಬಿಜೆಪಿ 12, ಕಾಂಗ್ರೆಸ್ 11. ಇಷ್ಟು ಹತ್ತಿರದ ಬಲಾಬಲವಿರುವಲ್ಲಿ ತನ್ನ ಪಕ್ಷದವರನ್ನು ಮಾತ್ರ ನೆಚ್ಚಿಕೊಂಡ ಸದಸ್ಯರ ಪ್ರಸ್ತಾವ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಚರಂಡಿ, ನೀರು, ಕಸದ ವಿಷಯದಲ್ಲಿ ಎದುರು ಪಕ್ಷದ ಸದಸ್ಯರ ಅನುಮೋದನೆಯನ್ನು ಸಭೆಗೆ ಮೊದಲೇ ಕೇಳಿ ಇಟ್ಟುಕೊಳ್ಳುವುದು ಜಾಣತನ.

ಇನ್ನು ಹಣದ ಮಾತು. ‘ಪುರಸಭೆಯಲ್ಲಿ ದುಡ್ಡಿದೆ, ನಮ್ಮ ರಸ್ತೆಗೆ ಮಾತ್ರ ಇಲ್ಲ’ ಎಂಬ ಆರೋಪ ಎಲ್ಲ ಪೇಟೆಗಳಲ್ಲೂ ಕೇಳುತ್ತದೆ. ಅನೇಕ ಸಲ ಎರಡೂ ನಿಜ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಭಾಗ ನಿರ್ಬಂಧಿತವಾಗಿತ್ತು: ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲಿಗೆ, ಇನ್ನರ್ಧ ನೈರ್ಮಲ್ಯ, ಘನತ್ಯಾಜ್ಯಕ್ಕೆ. ಅದನ್ನು ಕಾಂಕ್ರೀಟ್ ರಸ್ತೆಗೆ ಬಳಸುವಂತಿರಲಿಲ್ಲ. ಪುರಸಭೆಯ ಹಣದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಈ ಮೀಸಲು ನಿಧಿ ಖರ್ಚಾಗದೆ ಉಳಿಯುವುದು ಹಲವೆಡೆ ಕಾಣುವ ಸಂಗತಿ. ಫಲಾನುಭವಿಗಳನ್ನು ಹುಡುಕಿ ಅರ್ಜಿ ಹಾಕಿಸುವವರು ಇಲ್ಲದಿರುವುದೇ ಅದಕ್ಕೆ ಮುಖ್ಯ ಕಾರಣ. ವಾರ್ಡಿನಲ್ಲಿ ಮನೆ ಮನೆ ಗೊತ್ತಿರುವ ಸದಸ್ಯರಷ್ಟು ಚೆನ್ನಾಗಿ ಈ ಕೆಲಸ ಮಾಡಬಲ್ಲವರು ಬೇರೆ ಯಾರೂ ಇಲ್ಲ.

ಏಳು ಹೆಜ್ಜೆಗಳು

1. ಮಳೆಯಲ್ಲಿ ವಾರ್ಡ್ ಸುತ್ತಿ. ಬೇಸಿಗೆಯಲ್ಲಿ ನೋಡಿದ ವಾರ್ಡ್ ಅರ್ಧ ಸುಳ್ಳು ಹೇಳುತ್ತದೆ. ಜೋರು ಮಳೆ ನಿಂತ ಹತ್ತು ನಿಮಿಷದೊಳಗೆ ಹೊರಟು ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ನೋಡಿ. ನಮ್ಮ ಊರುಗಳು ಗುಡ್ಡೆ, ಇಳಿಜಾರು, ಬೈಲು ಎಂಬ ಕ್ರಮದಲ್ಲಿವೆ. ಗುಡ್ಡೆಯ ನೀರು ತೋಡು ಹಿಡಿದು ಬೈಲಿಗೆ, ಅಲ್ಲಿಂದ ಹೊಳೆಗೆ ಇಳಿಯಬೇಕು. ಗದ್ದೆಗೆ ಮಣ್ಣು ತುಂಬಿ ಮನೆ ಕಟ್ಟಿದಲ್ಲಿ ಆ ದಾರಿ ಮುಚ್ಚಿರುತ್ತದೆ. ಒಂದು ನೋಟ್‌ಬುಕ್‌ನಲ್ಲಿ ಮೂರು ಕಲಂ ಎಳೆಯಿರಿ: ಸಮಸ್ಯೆ ಏನು, ಜಾಗ ಯಾರದು, ಎಷ್ಟು ಕಾಲದಿಂದ ಇದೆ. ಫೋಟೋಕ್ಕೆ ದಿನಾಂಕ ಇರಲಿ. ನವೆಂಬರ್‌ನಲ್ಲಿ ಅಂದಾಜು ಪಟ್ಟಿ ಮಾಡುವ ಇಂಜಿನಿಯರಿಗೆ ಕಾಣುವುದು ಒಣ ಚರಂಡಿ ಮಾತ್ರ. ನಿಮ್ಮ ಜುಲೈ ತಿಂಗಳ ಫೋಟೋ ಆಗ ಕೆಲಸಕ್ಕೆ ಬರುತ್ತದೆ.

2. ಯಾರ ಸೊತ್ತು ಎಂದು ಮೊದಲು ತಿಳಿಯಿರಿ. ಬಿ.ಸಿ.ರೋಡಿನಲ್ಲಿ ಹಾದುಹೋಗುವ ಮಂಗಳೂರು–ಬೆಂಗಳೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಬೆಳ್ತಂಗಡಿ ಮೂಲಕ ಚಾರ್ಮಾಡಿ ಘಾಟಿಗೆ ಹೋಗುವುದು 73. ಮೂಡುಬಿದಿರೆಯ ಮೂಲಕ ಕಾರ್ಕಳಕ್ಕೆ ಹೋಗುವುದು 169. ಈ ರಸ್ತೆಗಳ ಬದಿಯ ಚರಂಡಿಗೆ ಪುರಸಭೆ ಕೈಹಾಕಲು ಹೆದ್ದಾರಿ ಇಲಾಖೆಯ ಒಪ್ಪಿಗೆ ಬೇಕು. ಕಂಬ, ತಂತಿ ಮೆಸ್ಕಾಂನದು, ಅದರ ಮೇಲಿನ ಬೀದಿದೀಪದ ನಿರ್ವಹಣೆ ಪುರಸಭೆಯದು. ರಸ್ತೆ ಬದಿಯ ಅಪಾಯಕಾರಿ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಸ ಲೇಔಟಿಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ. ಬಂಟ್ವಾಳದಲ್ಲಿ ಜನ ‘ಬುಡಾ’ ಎನ್ನುವುದು ಅದನ್ನೇ. ಜಾಗ ತಪ್ಪಿದ ಅರ್ಜಿ ತಿಂಗಳುಗಟ್ಟಲೆ ಮೇಜಿಂದ ಮೇಜಿಗೆ ತಿರುಗುತ್ತದೆ.

3. ಅರ್ಜಿಯನ್ನು ಅಳತೆ ಸಮೇತ ಬರೆಯಿರಿ. ‘ನಮ್ಮ ವಾರ್ಡಿನಲ್ಲಿ ಚರಂಡಿ ಸಮಸ್ಯೆ ತುಂಬಾ ಇದ್ದು ಕೂಡಲೇ ಸರಿಪಡಿಸಬೇಕಾಗಿ ವಿನಂತಿ’ ಎಂಬ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ ಬರುತ್ತದೆ, ಅಲ್ಲಿಗೆ ಮುಗಿಯಿತು. ಅದರ ಬದಲು ಹೀಗೆ ಬರೆದು ನೋಡಿ: ‘ಇಂಥ ವಾರ್ಡಿನ ಇಂಥ ಅಡ್ಡರಸ್ತೆಯಲ್ಲಿ ಅಂಗನವಾಡಿ ಎದುರಿನಿಂದ ಮುಖ್ಯ ತೋಡಿನವರೆಗೆ ಸುಮಾರು 80 ಮೀಟರ್ ಉದ್ದಕ್ಕೆ ಚರಂಡಿ ಇಲ್ಲ. ಜೂನ್ 18 ಮತ್ತು ಜುಲೈ 6ರಂದು ನೀರು ನಾಲ್ಕು ಮನೆಗಳ ಅಂಗಳಕ್ಕೆ ನುಗ್ಗಿದೆ, ಫೋಟೋ ಲಗತ್ತಿಸಿದೆ. ಸ್ಥಳ ಪರಿಶೀಲಿಸಿ, ಅಂದಾಜು ಪಟ್ಟಿ ತಯಾರಿಸಿ, ಮುಂದಿನ ಸಾಮಾನ್ಯ ಸಭೆಗೆ ಮಂಡಿಸಬೇಕು.’ ಈ ಪತ್ರದಲ್ಲಿ ಜಾಗವಿದೆ, ಅಳತೆ ಇದೆ, ದಿನಾಂಕವಿದೆ, ಅಧಿಕಾರಿ ಮುಂದೆ ಏನು ಮಾಡಬೇಕು ಎಂಬುದೂ ಇದೆ. ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದಕ್ಕೆ ಸೀಲು, ದಿನಾಂಕ, ಕ್ರಮಸಂಖ್ಯೆ ಹಾಕಿಸಿಕೊಳ್ಳಿ.

4. ಸಭೆಯ ಮೊದಲು ಕಾರ್ಯಸೂಚಿ ಓದಿ, ನಂತರ ನಡಾವಳಿ ಓದಿ. ಮಾತಾಡಿದ್ದೆಲ್ಲ ನಿರ್ಣಯವಾಗುವುದಿಲ್ಲ. ‘ಸದಸ್ಯರು ಚರಂಡಿ ಬಗ್ಗೆ ಪ್ರಸ್ತಾಪಿಸಿದರು, ಕ್ರಮ ಕೈಗೊಳ್ಳುವುದಾಗಿ ಮುಖ್ಯಾಧಿಕಾರಿ ತಿಳಿಸಿದರು’ ಎಂದು ದಾಖಲಾದರೆ ಅದು ಬರೀ ಸಂಭಾಷಣೆ. ‘ಸದರಿ ಕಾಮಗಾರಿಯನ್ನು ಇಂಥ ಅನುದಾನದಲ್ಲಿ ಇಷ್ಟು ಅಂದಾಜು ಮೊತ್ತಕ್ಕೆ ಕೈಗೊಳ್ಳಲು ಸಭೆ ಒಪ್ಪಿ ನಿರ್ಣಯಿಸಿದೆ’ ಎಂದು ದಾಖಲಾದರೆ ಅದು ಆದೇಶಕ್ಕೆ ಬುನಾದಿ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿಯನ್ನು ಸ್ಥಿರೀಕರಿಸುವಾಗ ಬಿಟ್ಟುಹೋದದ್ದನ್ನು ಅಲ್ಲೇ ತಿದ್ದಿಸಿ. ಅಷ್ಟು ಹೊತ್ತಿಗೆ ಸಭೆಯಲ್ಲಿ ಗಲಾಟೆ ಶುರುವಾಗಿದ್ದರೂ ಈ ಒಂದು ವಿಷಯವನ್ನು ಬಿಡಬೇಡಿ.

5. ಕೆಲಸಕ್ಕೆ ತಕ್ಕ ತಿಂಗಳು ಹಿಡಿಯಿರಿ. ಕರಾವಳಿಯಲ್ಲಿ ಕಟ್ಟುವ ಕೆಲಸಕ್ಕೆ ಸಿಗುವುದು ಅಕ್ಟೋಬರ್ ಕೊನೆಯಿಂದ ಮೇ ನಡುಭಾಗದವರೆಗೆ. ಹೂಳೆತ್ತುವ ಟೆಂಡರ್ ಮೇ ತಿಂಗಳಲ್ಲಿ ಕರೆದರೆ ಯಂತ್ರ ತೋಡಿಗಿಳಿಯುವ ಹೊತ್ತಿಗೆ ಮಳೆ ಬಂದಿರುತ್ತದೆ, ದಡಕ್ಕೆ ಎತ್ತಿ ಹಾಕಿದ ಹೂಳು ಮತ್ತೆ ತೋಡಿಗೇ ಇಳಿಯುತ್ತದೆ. ಫೆಬ್ರವರಿ–ಮಾರ್ಚ್ ಸಭೆಯಲ್ಲೇ ಅದು ತೀರ್ಮಾನವಾಗಬೇಕು. ಬಜೆಟ್‌ಗೆ ಮೊದಲು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ನಡೆಸುವ ಪದ್ಧತಿಯಿದೆ. ಆ ಸಭೆಗೆ ನಿಮ್ಮ ವಾರ್ಡಿನಿಂದ ಹತ್ತು ಜನರನ್ನಾದರೂ ಕರೆದೊಯ್ಯಿರಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಇರುವುದನ್ನು ಮಾರ್ಚ್ ಕೊನೆಗೇ ಮನೆಮನೆಗೆ ತಿಳಿಸಿ. ಸ್ವಂತ ಆದಾಯ ಬಂದಷ್ಟೂ ಪುರಸಭೆಗೆ ನಿರ್ಬಂಧವಿಲ್ಲದ ಹಣ ಕೈಗೆ ಸಿಗುತ್ತದೆ.

6. ಕೆಲಸ ನಡೆಯುವಾಗ ಅಂದಾಜು ಪಟ್ಟಿ ಕೈಯಲ್ಲಿರಲಿ. ಚರಂಡಿಯ ಅಗಲ, ಆಳ, ಕಾಂಕ್ರೀಟಿನ ದಪ್ಪ ಎಲ್ಲ ಅದರಲ್ಲಿರುತ್ತದೆ. ಮುಖ್ಯವಾಗಿ ಇಳಿಜಾರು ನೋಡಿ. ಕಟ್ಟಿದ ಚರಂಡಿಯ ಮೇಲ್ತುದಿಗೆ ಒಂದು ಬಕೆಟ್ ನೀರು ಹೊಯ್ದರೆ ಅದು ತಾನಾಗಿ ತೋಡಿನವರೆಗೆ ಹೋಗಬೇಕು. ನಡುವೆ ನಿಂತರೆ ಬಿಲ್ಲು ಪಾವತಿಗೆ ಮೊದಲೇ ಲಿಖಿತವಾಗಿ ಆಕ್ಷೇಪ ಸಲ್ಲಿಸಿ. ಪಾವತಿಯಾದ ಮೇಲೆ ಮಾತಿಗೆ ಬೆಲೆ ಕಡಿಮೆ.

7. ವಾರ್ಡ್ ಸಭೆ ನೀವೇ ಕರೆಯಿರಿ. ಗ್ರಾಮ ಪಂಚಾಯತ್‌ನಲ್ಲಿ ಗ್ರಾಮಸಭೆ ಕಾನೂನಿನಲ್ಲೇ ಇದೆ. ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ. ನಡುವಿನ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ಮತದಾರರು ಈ ಎರಡರಿಂದಲೂ ಹೊರಗೆ. ಶಾಲೆಯಲ್ಲೋ ಭಜನಾ ಮಂದಿರದಲ್ಲೋ ಸಮುದಾಯ ಭವನದಲ್ಲೋ ವರ್ಷಕ್ಕೆರಡು ಸಲ ಜನರನ್ನು ಕೂರಿಸಿ. ಆಗಿರುವುದು, ಆಗದಿರುವುದು, ಏಕೆ ಆಗಲಿಲ್ಲ ಎಂಬ ಮೂರನ್ನು ಓದಿ ಹೇಳಿ. ಬೈಗುಳ ಬರುತ್ತದೆ, ಬರಲಿ. ಆದ್ಯತೆಯ ಪಟ್ಟಿ ಜನರ ಎದುರೇ ತಯಾರಾದರೆ ‘ಅವರ ಮನೆ ಎದುರು ಮಾತ್ರ ರಸ್ತೆ ಮಾಡಿದ್ರು’ ಎಂಬ ದೂರಿಗೆ ಅವಕಾಶ ಇರುವುದಿಲ್ಲ.

ಕಸ: ಎಲ್ಲಕ್ಕಿಂತ ಕಷ್ಟದ ಕಡತ

ಬಂಟ್ವಾಳದ ಕಸ ಹೋಗುವ ಕಂಚಿನಡ್ಕಪದವು ಇರುವುದು ಪುರಸಭೆಯ ಗಡಿಯಾಚೆ, ಸಜಿಪನಡು ಗ್ರಾಮದಲ್ಲಿ. ಅಲ್ಲಿನವರ ವಿರೋಧ ವರ್ಷಗಟ್ಟಲೆ ನಡೆಯಿತು. ಅವರ ಜಾಗದಲ್ಲಿ ನಿಂತು ನೋಡಿದರೆ ವಿರೋಧ ಅರ್ಥವಾಗುತ್ತದೆ: ಪೇಟೆಯವರು ತಿಂದು ಬಿಸಾಡಿದ್ದು ತಮ್ಮ ಊರಿನ ಗಾಳಿಯನ್ನು, ಬಾವಿಯನ್ನು ಕೆಡಿಸುತ್ತದೆ ಎಂಬ ಭಯ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ರಾಶಿಯೇ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿದ್ದನ್ನು ಇಲ್ಲಿನವರು ಕಣ್ಣಾರೆ ಕಂಡಿದ್ದಾರೆ. ಮೂಡುಬಿದಿರೆಯ ಕಸ ಸೇರುವುದು ಕರಿಂಜೆಗೆ. ವರ್ಷದಲ್ಲಿ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನೆಲದಲ್ಲಿ ಮಿಶ್ರ ಕಸವನ್ನು ಬಯಲಲ್ಲಿ ರಾಶಿ ಹಾಕಿದರೆ ಅದರ ರಸ ಇಂಗುವುದು ಕೆಳಗಿನ ಬಾವಿಗಳಿಗೆ.

ಹಸಿ ಕಸ ಬೇರೆಯಾದರೆ ರಾಶಿಯ ದುರ್ನಾತ ಬಹಳಷ್ಟು ಕಡಿಮೆಯಾಗುತ್ತದೆ, ಒಣ ಕಸಕ್ಕೆ ಬೆಲೆಯೂ ಸಿಗುತ್ತದೆ. ಹೀಗಾಗಿಯೇ 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದವು. ಮಂಗಳೂರು ತಾಲೂಕಿನ ತೆಂಕ ಎಡಪದವಿನಲ್ಲಿ ಹಲವು ಗ್ರಾಮ ಪಂಚಾಯತ್‌ಗಳ ಒಣ ಕಸವನ್ನು ಒಂದೇ ಕಡೆ ವಿಂಗಡಿಸುವ ಘಟಕ ನಡೆಯುತ್ತಿದೆ. ಹಳ್ಳಿಗಳು ಸೇರಿ ಮಾಡಬಲ್ಲದ್ದನ್ನು ಪೇಟೆಗಳು ಮಾಡಲಾರವು ಎನ್ನಲು ಕಾರಣವಿಲ್ಲ.

ಸದಸ್ಯರು ಇಡೀ ವಾರ್ಡನ್ನು ಒಮ್ಮೆಗೇ ತಿದ್ದಲು ಹೊರಡಬಾರದು. ಒಂದು ಅಡ್ಡರಸ್ತೆಯ ಮನೆಗಳನ್ನು ಹಿಡಿಯಿರಿ. ವಾಹನದವರೊಂದಿಗೆ ಒಂದು ವಾರ ಬೆಳಿಗ್ಗೆ ನೀವೇ ಹೋಗಿ. ಯಾವ ಮನೆ ಬೆರೆಸಿ ಕೊಡುತ್ತದೆ, ಏಕೆ ಎಂದು ಕೇಳಿ. ಹಲವು ಮನೆಗಳ ಉತ್ತರ ಒಂದೇ ಇರುತ್ತದೆ: ‘ನಾವು ಬೇರೆ ಮಾಡಿ ಕೊಟ್ರೂ ಗಾಡಿಯಲ್ಲಿ ಒಟ್ಟಿಗೇ ಹಾಕ್ತಾರೆ.’ ಹಾಗಿದ್ದರೆ ಮೊದಲು ಸರಿಯಾಗಬೇಕಾದದ್ದು ಗಾಡಿ. ಎರಡು ವಿಭಾಗದ ವಾಹನಕ್ಕೆ ನೈರ್ಮಲ್ಯದ ನಿರ್ಬಂಧಿತ ಅನುದಾನವನ್ನು ಬಳಸಲು ನಿರ್ಣಯ ತನ್ನಿ. ಮೂಡುಬಿದಿರೆಯಂಥ ಊರಲ್ಲಿ ಹಾಸ್ಟೆಲ್, ಕಲ್ಯಾಣಮಂಟಪ, ಹೋಟೆಲುಗಳ ಹಸಿ ಕಸವನ್ನು ಅವರವರ ಆವರಣದಲ್ಲೇ ಗೊಬ್ಬರವಾಗಿಸುವ ಶರತ್ತನ್ನು ಪರವಾನಿಗೆ ನವೀಕರಣದ ಸಮಯದಲ್ಲಿ ಹಾಕಿಸಿದರೆ ಪುರಸಭೆಯ ಗಾಡಿಯ ಭಾರ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಈ ಪೇಟೆಗಳ ಹೆಚ್ಚಿನ ಮನೆಗಳು ಇನ್ನೂ ಇಂಗುಗುಂಡಿ, ಸೆಪ್ಟಿಕ್ ಟ್ಯಾಂಕುಗಳನ್ನೇ ನಂಬಿವೆ. ಫ್ಲ್ಯಾಟಿನ ಕೊಳಚೆ ನೀರು ಮಳೆಗಾಲದಲ್ಲಿ ಸದ್ದಿಲ್ಲದೆ ತೋಡಿಗೆ ಸೇರುವುದನ್ನು ಮೊದಲು ಗುರುತಿಸುವವರು ಕೆಳಗಿನ ಬೈಲಿನವರು. ಅವರ ದೂರನ್ನು ‘ನೆರೆಮನೆ ಜಗಳ’ ಎಂದು ತಳ್ಳಿಹಾಕಬೇಡಿ.

ನೀರು ಮತ್ತು ನೆರೆ

ಬಂಟ್ವಾಳಕ್ಕೆ ನೀರು ಜಕ್ರಿಬೆಟ್ಟು ಬಳಿ ನೇತ್ರಾವತಿಯಿಂದ, ಮೂಡುಬಿದಿರೆಗೆ ಪುಚ್ಚಮೊಗರು ಬಳಿ ಫಲ್ಗುಣಿಯಿಂದ, ಬೆಳ್ತಂಗಡಿಗೆ ಸೋಮಾವತಿ ನದಿಯಿಂದ. ಮೂರು ಕಡೆಯೂ ಮಳೆಗಾಲದಲ್ಲಿ ಉಕ್ಕುವ ನದಿ ಏಪ್ರಿಲ್–ಮೇ ಹೊತ್ತಿಗೆ ಸೊರಗುತ್ತದೆ. 2019 ಮತ್ತು 2023ರ ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರನ್ನು ಮಂಗಳೂರು ಪಾಳಿಯಲ್ಲಿ ಹಂಚಿಕೊಳ್ಳಬೇಕಾಯಿತು. ಆದ್ದರಿಂದ ನೀರಿನ ಕೆಲಸ ಶುರುವಾಗಬೇಕಾದದ್ದು ಮೇ ತಿಂಗಳಲ್ಲಲ್ಲ. ಒರತೆ ಇರುವಾಗಲೇ, ಅಂದರೆ ನವೆಂಬರ್–ಡಿಸೆಂಬರ್‌ನಲ್ಲಿ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ್ದಾರೆಯೇ ಎಂದು ವಿಚಾರಿಸಿ. ವಾರ್ಡಿನ ಹಳೆಯ ಸರ್ಕಾರಿ ಬಾವಿಗಳ ಪಟ್ಟಿ ಮಾಡಿ. ಕಸದ ತೊಟ್ಟಿಯಾಗಿರುವ ಬಾವಿಯನ್ನು ಶುಚಿಗೊಳಿಸಲು ಹೊಸ ಕೊಳವೆಬಾವಿಗಿಂತ ಕಡಿಮೆ ಹಣ ಸಾಕು. ಮೂಡುಬಿದಿರೆಯದು ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆಗಳ ಊರೆಂಬ ಹೆಸರು. ಅಲ್ಲಿ ಕೆರೆ ಉಳಿಸುವುದು ನೀರಿನ ಯೋಜನೆಯ ಭಾಗವೇ.

ನೆರೆಯ ವಿಷಯದಲ್ಲಿ ಬಂಟ್ವಾಳಕ್ಕೆ 1923, 1974ರ ನೆನಪಿದೆ, 2019ರ ಆಗಸ್ಟ್ ತೀರಾ ಹತ್ತಿರದ್ದು. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. ನದಿ ಬದಿಯ ವಾರ್ಡಿನ ಸದಸ್ಯರು ಎಷ್ಟು ಮೀಟರಿಗೆ ಯಾರ ಮನೆಯ ಮೆಟ್ಟಿಲು ಮುಳುಗುತ್ತದೆ ಎಂದು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಮನೆಗಳ ವೃದ್ಧರು, ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರ ಹೆಸರು ಪ್ರತ್ಯೇಕ ಪಟ್ಟಿಯಲ್ಲಿರಲಿ. ರಾತ್ರಿ ನೀರು ಏರುವಾಗ ತಾಲೂಕು ಕಚೇರಿಯವರಿಗೆ ಬೇಕಾಗುವುದು ಈ ಪಟ್ಟಿಯೇ.

ಖಾತಾ ಮಾಡಿಸಿಕೊಡಿ ಎಂದು ಬಂದವರಿಗೆ

ಸದಸ್ಯರ ಮನೆ ಬಾಗಿಲಿಗೆ ಬರುವ ಅರ್ಧ ಜನ ಇ-ಖಾತಾ, ಮನೆ ನಂಬ್ರ, ಸಿಂಗಲ್ ಲೇಔಟ್ ಎಂದು ಬಂದವರು. ಭೂಪರಿವರ್ತನೆ, ಯೋಜನಾ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ತುಂಡುಮಾಡಿ ಮಾರಿದ ಜಾಗಕ್ಕೆ ಎ-ಖಾತಾ ಸಿಗದು. ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರವರಿಯಲ್ಲಿ ಶುರುಮಾಡಿತು. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದವುಗಳನ್ನು ಅದಕ್ಕೆ ಪರಿಗಣಿಸಲಾಯಿತು. ಬಿ-ಖಾತಾ ಎಂದರೆ ತೆರಿಗೆ ಪಟ್ಟಿಗೆ ಸೇರಿದೆ ಎಂದಷ್ಟೇ. ಜಾಗ ಸಕ್ರಮವಾಯಿತು ಎಂದು ಅದರ ಅರ್ಥವಲ್ಲ. ‘ನಾನು ಮಾಡಿಸಿಕೊಡ್ತೇನೆ’ ಎನ್ನುವ ಬದಲು ಯಾವ ದಾಖಲೆ ಕೊರತೆಯಿದೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಅರ್ಜಿ ಸಕಾಲದಲ್ಲಿ ನೋಂದಾಯಿಸಿ ಸ್ವೀಕೃತಿ ಸಂಖ್ಯೆ ಪಡೆಯಲು ಹೇಳಿ. ಮಧ್ಯವರ್ತಿಗಳು ಹುಟ್ಟುವುದು ಈ ಮಾಹಿತಿ ಸಿಗದ ಕಡೆ.

ಹೊಸ ಲೇಔಟುಗಳಲ್ಲಿ ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗಗಳ ಪಟ್ಟಿ ಕೇಳಿ ಪಡೆಯಿರಿ. ಪುರಸಭೆಯ ಹೆಸರಿಗೆ ವರ್ಗವಾಗದೆ, ಬೇಲಿ ಇಲ್ಲದೆ ಬಿದ್ದ ಜಾಗ ಹತ್ತು ವರ್ಷದಲ್ಲಿ ಇನ್ನೊಬ್ಬರ ಕಾಂಪೌಂಡಿನೊಳಗೆ ಸೇರಿರುತ್ತದೆ. ಅಂಗನವಾಡಿಗೆ ಐದು ಸೆಂಟ್ಸ್ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ.

ಎಚ್ಚರಿಕೆ

ಪುರಸಭೆಯ ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯೋ ಪರೋಕ್ಷವಾಗಿಯೋ ಪಾಲಿದ್ದರೆ ಸದಸ್ಯತ್ವವೇ ಹೋಗುತ್ತದೆ. ಬೇರೆಯವರ ಹೆಸರಿನಲ್ಲಿ ಕೆಲಸ ಹಿಡಿದರೆ ಗೊತ್ತಾಗದು ಎಂಬ ನಂಬಿಕೆ ತಪ್ಪು. ಸಣ್ಣ ಊರಲ್ಲಿ ಮೊದಲ ಜಲ್ಲಿ ಲೋಡು ಬೀಳುವಾಗಲೇ ಎಲ್ಲರಿಗೂ ಗೊತ್ತಿರುತ್ತದೆ. ಪಕ್ಷದ ಸಚೇತಕಾಜ್ಞೆ ಮೀರಿ ಮತ ಹಾಕಿದರೆ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಅಧಿನಿಯಮ, 1987 ಅನ್ವಯವಾಗಬಹುದು. ಕಾನೂನಿಗೆ ವಿರುದ್ಧವಾದ ನಿರ್ಣಯವನ್ನು ಜಿಲ್ಲಾಧಿಕಾರಿ ತಡೆಹಿಡಿಯಬಲ್ಲರು. ಟೆಂಡರ್ ತಪ್ಪಿಸಲು ಒಂದು ಕೆಲಸವನ್ನು ತುಂಡು ತುಂಡು ಮಾಡುವುದಕ್ಕೆ 1999ರ ಪಾರದರ್ಶಕತೆ ಅಧಿನಿಯಮದ ಅಡ್ಡಿಯಿದೆ.

ಇನ್ನೊಂದು ಅತಿ ಮುಖ್ಯ ಮಾತು: ಕಟ್ಟಿಹೋದ ಮಲಗುಂಡಿಗೆ ಮನುಷ್ಯರನ್ನು ಇಳಿಸಲು ಯಾರೂ, ಎಂಥ ತುರ್ತಿದ್ದರೂ ಹೇಳಬಾರದು. ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅದು ಅಪರಾಧ. ಯಂತ್ರ ಬರುವವರೆಗೆ ಕಾಯಲು ಜನರನ್ನು ಒಪ್ಪಿಸುವುದು ಸದಸ್ಯರ ಹೊಣೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲ ಹಣವನ್ನೂ ಕಾಂಕ್ರೀಟ್ ರಸ್ತೆಗೆ ಸುರಿಯುವುದು ಮೊದಲನೆಯದು. ರಸ್ತೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಚರಂಡಿ ಇಲ್ಲದೆ ಎತ್ತರಿಸಿದ ರಸ್ತೆ ಎರಡೂ ಬದಿಯ ಮನೆಗಳನ್ನು ಹೊಂಡಕ್ಕಿಳಿಸುತ್ತದೆ. ಮೊದಲು ಚರಂಡಿ, ನಂತರ ನೀರಿನ ಪೈಪು, ಕೊನೆಗೆ ರಸ್ತೆ. ಈ ಕ್ರಮ ತಪ್ಪಿಸಿ ಹೊಸ ರಸ್ತೆ ಅಗೆಯುವುದನ್ನು ಎಲ್ಲ ಪೇಟೆಗಳಲ್ಲೂ ನೋಡುತ್ತೇವೆ.

ಮಹಿಳಾ ಸದಸ್ಯರ ಬದಲಿಗೆ ಗಂಡನೋ ಅಣ್ಣನೋ ಫೋನ್ ಎತ್ತುವುದು, ಸಹಿ ಮಾತ್ರ ಅವರದಾಗಿರುವುದು ಎರಡನೆಯದು. ನಡಾವಳಿಯಲ್ಲಿರುವುದು ಸದಸ್ಯೆಯ ಹೆಸರು, ನಾಳೆ ಲೋಕಾಯುಕ್ತಕ್ಕೆ ಉತ್ತರಿಸಬೇಕಾದವರೂ ಅವರೇ. ಸ್ವಸಹಾಯ ಸಂಘ ನಡೆಸಿ, ಸಾಲದ ಲೆಕ್ಕ ಬರೆದು ಅನುಭವವಿರುವ ಹೆಂಗಸರಿಗೆ ಪುರಸಭೆಯ ಖರ್ಚಿನ ಪಟ್ಟಿ ಓದುವುದು ಕಷ್ಟವೇನಲ್ಲ. ಮೊದಲ ಎರಡು ಸಭೆಗಳಲ್ಲಿ ಪ್ರಶ್ನೆ ಕೇಳಿದರೆ ಮೂರನೆಯ ಸಭೆಗೆ ಅಧಿಕಾರಿಗಳೇ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ.

ವಾಟ್ಸ್‌ಆ್ಯಪ್ ಗುಂಪನ್ನೇ ಕಚೇರಿ ಎಂದು ತಿಳಿಯುವುದು, ಮತ ಹಾಕದವರ ಬೀದಿಯನ್ನು ಬಿಟ್ಟುಬಿಡುವುದು, ಪತ್ರಿಕೆಗೆ ಹೇಳಿಕೆ ಕೊಟ್ಟ ಮೇಲೆ ಕಡತದ ಹಿಂದೆ ಬೀಳದಿರುವುದು ಕೂಡ ಇದೇ ಪಟ್ಟಿಗೆ ಸೇರುತ್ತವೆ.

ಕೌನ್ಸಿಲ್ ಇಲ್ಲದ ದಿನಗಳಲ್ಲಿ

ಬಂಟ್ವಾಳದಲ್ಲಿ 2018ರ ಆಗಸ್ಟ್ 31ರಂದು ಮತದಾನವಾಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ನವೆಂಬರ್‌ನಲ್ಲಿ. 2019ರ ಮೇ 29ರಂದು ಮತ ಹಾಕಿದ ಮೂಡುಬಿದಿರೆಯೂ ಅಲ್ಲಿಯವರೆಗೆ ಕಾಯಿತು. ಅಧ್ಯಕ್ಷ, ಉಪಾಧ್ಯಕ್ಷರ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಹೀಗೆ ಕಾಯುತ್ತಿದ್ದ ಅವಧಿಗಳಲ್ಲಿ ಆಡಳಿತಾಧಿಕಾರಿಗಳೇ ಪುರಸಭೆ ನಡೆಸಿದರು. ಜನ ಆರಿಸಿದ ಕೌನ್ಸಿಲನ್ನು ಹೀಗೆ ವರ್ಷಗಟ್ಟಲೆ ಸುಮ್ಮನೆ ಕೂರಿಸುವುದು ಮತದಾರರಿಗೆ ಮಾಡುವ ಅನ್ಯಾಯ. ಅದನ್ನು ಗಟ್ಟಿಯಾಗಿ ಹೇಳಬೇಕು.

ಅಂಥ ಅವಧಿಯಲ್ಲೂ ಅರ್ಜಿಯ ದಾರಿ ಮುಚ್ಚಿರುವುದಿಲ್ಲ. ಆಡಳಿತಾಧಿಕಾರಿಗೆ ಬರೆದ ಪತ್ರದ ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೂ ಕಳಿಸಬಹುದು. 1902 ಸಹಾಯವಾಣಿಯಲ್ಲೂ, ‘ಜನಹಿತ’ ಆ್ಯಪ್‌ನಲ್ಲೂ ದೂರು ದಾಖಲಿಸಿ ಸಂಖ್ಯೆ ಪಡೆಯಬಹುದು. ಮಾಹಿತಿ ಹಕ್ಕು ಅರ್ಜಿ ಹಾಕಿ ಹಿಂದಿನ ನಡಾವಳಿಗಳ ಪ್ರತಿ ಕೇಳಬಹುದು. ಅವಧಿ ಮುಗಿಸಿ ಹೊರಡುವ ಸದಸ್ಯರು ವಾರ್ಡಿನ ನೋಟ್‌ಬುಕ್, ಸ್ವೀಕೃತಿ ಇರುವ ಅರ್ಜಿಗಳು, ಒಪ್ಪಿಗೆಯಾಗಿಯೂ ಶುರುವಾಗದ ಕಾಮಗಾರಿಗಳ ಪಟ್ಟಿ, ನೆರೆಗೆ ಮುಳುಗುವ ಮನೆಗಳ ವಿವರ ಈ ನಾಲ್ಕರ ಒಂದು ಪ್ರತಿಯನ್ನು ಮುಂದೆ ಗೆದ್ದು ಬರುವವರಿಗೆ, ಅವರು ಯಾವ ಪಕ್ಷದವರಾದರೂ, ಕೊಟ್ಟು ಹೋಗಬೇಕು.